ಸೀಲಿಂಗ್ ದೀಪದ ಲೆನ್ಸ್ ಮಾತ್ರ ಬದಲಿಸಬಹುದೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೂರು ವರ್ಷಗಳ ಹಿಂದೆ ಮನೆ ಕಟ್ಟಿಸಿದಾಗ ಹಾಲಿನ ಫಾಲ್ಸ್ ಸೀಲಿಂಗ್‌ನಲ್ಲಿ 14 ಸಣ್ಣ ಸ್ಪಾಟ್‌ಲೈಟ್‌ಗಳನ್ನು ಹಾಕಿಸಿದ್ದೆವು. ಈಗ ಸೋಫಾ ಇದ್ದ ಜಾಗಕ್ಕೆ ಊಟದ ಮೇಜು ಬಂದಿದೆ. ಮೇಜಿನ ನಡುವೆ ಇಟ್ಟ ಸಾರಿನ ಪಾತ್ರೆಯ ಮೇಲೆ ಕಣ್ಣು ಕುಕ್ಕುವಷ್ಟು ಬೆಳಕು ಬೀಳುತ್ತದೆ, ತುದಿಯಲ್ಲಿ ಕುಳಿತವರ ತಟ್ಟೆ ಮಾತ್ರ ಮಬ್ಬು. ಬೆಳಕನ್ನು ಅಗಲ ಮಾಡಿಕೊಡಿ ಎಂದರೆ ಎಲೆಕ್ಟ್ರಿಷಿಯನ್ 'ಇಡೀ ಲೈಟನ್ನೇ ಬದಲಿಸಬೇಕು ಸಾರ್' ಎನ್ನುತ್ತಾರೆ. ಲೆನ್ಸ್ ಮಾತ್ರ ಬದಲಿಸುವಂಥ ದೀಪಗಳೂ ಇವೆಯೆಂದು ಕೇಳಿದ್ದೇನೆ. ಇದು ನಿಜವೇ?
– ಓದುಗರು, ಶಿವಮೊಗ್ಗ

ಉತ್ತರ: ನಿಜ. ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ್ದೂ ಸುಳ್ಳಾಗಿರಲಾರದು. ನೀವು ಹಾಕಿಸಿದ ದೀಪದಲ್ಲಿ ಲೆನ್ಸನ್ನು ಅಂಟು ಹಾಕಿಯೇ ಕೂರಿಸಿರಬಹುದು. ಮೊದಲು ದೀಪದ ಒಳಗೆ ಏನಿದೆ ಎಂಬುದನ್ನು ನೋಡೋಣ. ಸೀಲಿಂಗ್‌ನೊಳಗೆ ಹುದುಗಿಸುವ ಎಲ್‌ಇಡಿ ಸ್ಪಾಟ್‌ಲೈಟಿನಲ್ಲಿ ಮುಖ್ಯವಾಗಿ ನಾಲ್ಕು ಭಾಗಗಳಿರುತ್ತವೆ: ಬೆಳಕು ಕೊಡುವ ಹಳದಿ ಬಣ್ಣದ ಚಿಪ್, ಅದರ ಬಿಸಿಯನ್ನು ಹೀರಿ ಹೊರಗೆ ಬಿಡುವ ಅಲ್ಯೂಮಿನಿಯಂ ಹೀಟ್ ಸಿಂಕ್, ಕರೆಂಟನ್ನು ಹದಮಾಡಿ ಕೊಡುವ ಡ್ರೈವರ್ ಮತ್ತು ಮುಂಭಾಗದಲ್ಲಿರುವ ಲೆನ್ಸ್ ಅಥವಾ ರಿಫ್ಲೆಕ್ಟರ್. ಚಿಪ್ಪಿಗೆ ತನ್ನದೇ ಆದ ಗುರಿ ಇಲ್ಲ. ಅದು ಬೆಳಕನ್ನು ಸುಮಾರು 120 ಡಿಗ್ರಿ ಅಗಲಕ್ಕೆ ಚೆಲ್ಲುತ್ತದೆ. ಆ ಬೆಳಕನ್ನು ಕೂಡಿಸಿ ಸಾರಿನ ಪಾತ್ರೆಯ ಮೇಲೆ ಬೀಳುವಂತೆ ಮಾಡುತ್ತಿರುವುದು ಲೆನ್ಸ್ ಮಾತ್ರ.

ಈ ಲೆನ್ಸ್ ಸಾಮಾನ್ಯವಾಗಿ ಅಕ್ರಿಲಿಕ್‌ನ ಒಂದು ಗಟ್ಟಿ ತುಂಡು. ಕೈಯಲ್ಲಿ ಹಿಡಿದರೆ ಚಿಕ್ಕ ಗಾಜಿನ ಲೋಟದಂತೆ ಕಾಣುತ್ತದೆ. ನಡುವಿನ ಉಬ್ಬು ನೇರವಾಗಿ ಬಂದ ಬೆಳಕನ್ನು ಬಾಗಿಸುತ್ತದೆ. ಪಕ್ಕಕ್ಕೆ ಹೋದ ಬೆಳಕು ಇಳಿಜಾರಾದ ಗೋಡೆಗೆ ತಗುಲಿ, ಪಿಯುಸಿ ಭೌತಶಾಸ್ತ್ರದಲ್ಲಿ ಓದಿದ ಪೂರ್ಣ ಆಂತರಿಕ ಪ್ರತಿಫಲನದಿಂದ ಮತ್ತೆ ಮುಂದಕ್ಕೇ ತಿರುಗುತ್ತದೆ. ಅಕ್ರಿಲಿಕ್‌ನಿಂದ ಗಾಳಿಗೆ ಹೊರಡುವ ಬೆಳಕಿನ ಸಂದಿಗ್ಧ ಕೋನ ಸುಮಾರು 42 ಡಿಗ್ರಿ. ಅದಕ್ಕಿಂತ ಹೆಚ್ಚು ಓರೆಯಾಗಿ ಬಂದ ಕಿರಣಕ್ಕೆ ಆ ಗೋಡೆಯೇ ಕನ್ನಡಿ. ಹೀಗಾಗಿ ಗೋಡೆಯ ಓರೆಯನ್ನೂ ಉಬ್ಬಿನ ಆಕಾರವನ್ನೂ ಬದಲಿಸಿದರೆ, ಅದೇ ಚಿಪ್, ಅದೇ ಡ್ರೈವರ್, ಅಷ್ಟೇ ವಿದ್ಯುತ್ ಬಳಸಿಕೊಂಡು ಬೇರೆ ಅಗಲದ ಬೆಳಕನ್ನು ಪಡೆಯಬಹುದು.

ಇದನ್ನು ನಿಮ್ಮ ಮನೆಗೆ ಅನ್ವಯಿಸಿ ಲೆಕ್ಕ ಹಾಕೋಣ. ಫಾಲ್ಸ್ ಸೀಲಿಂಗ್ ನೆಲದಿಂದ 9 ಅಡಿ, ಊಟದ ಮೇಜು ಎರಡೂವರೆ ಅಡಿ ಎಂದುಕೊಂಡರೆ ದೀಪಕ್ಕೂ ಮೇಜಿಗೂ ಆರೂವರೆ ಅಡಿ ಅಂತರವಿರುತ್ತದೆ. ಅಷ್ಟು ದೂರದಲ್ಲಿ 24 ಡಿಗ್ರಿಯ ಲೆನ್ಸ್ ಸುಮಾರು ಎರಡೂಮುಕ್ಕಾಲು ಅಡಿ ಅಗಲದ ವೃತ್ತವನ್ನು ಬೆಳಗುತ್ತದೆ. 36 ಡಿಗ್ರಿಯದು ನಾಲ್ಕು ಅಡಿಗಿಂತ ತುಸು ಹೆಚ್ಚು. 60 ಡಿಗ್ರಿಯದು ಏಳೂವರೆ ಅಡಿ. ಸಾರಿನ ಪಾತ್ರೆಯ ಕಥೆಯನ್ನು ಕೇಳಿದರೆ ನಿಮ್ಮದು 24 ಡಿಗ್ರಿಯದೇ ಇರಬೇಕು. 36ಕ್ಕೆ ಹೋದರೆ ಅಷ್ಟೇ ಬೆಳಕು ಎರಡು ಪಟ್ಟಿಗೂ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ, ಅಂದರೆ ನಡುವಿನ ಪ್ರಖರತೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಆರು ಜನರ ಮೇಜಿಗೆ 36 ಡಿಗ್ರಿಯ ಎರಡು ದೀಪಗಳು ಒಂದರ ವೃತ್ತ ಇನ್ನೊಂದನ್ನು ಸ್ವಲ್ಪ ಕೂಡುವಂತೆ ಇದ್ದರೆ ಊಟಕ್ಕೆ ಹಿತವಾಗಿರುತ್ತದೆ ಎಂಬುದು ನನ್ನ ಅಭಿಪ್ರಾಯ. 60 ಡಿಗ್ರಿ ಹಾಕಿಸಿದರೆ ಮೇಜಿಗಿಂತ ಹೆಚ್ಚಾಗಿ ಕುಳಿತವರ ನೆತ್ತಿಯೇ ಬೆಳಗುತ್ತದೆ. ಅಂದಹಾಗೆ, ಪೆಟ್ಟಿಗೆಯ ಮೇಲೆ ಅಚ್ಚಾದ ಡಿಗ್ರಿ ಎಂದರೆ ಬೆಳಕು ಅಲ್ಲಿಗೆ ಮುಗಿಯಿತೆಂದು ಅರ್ಥವಲ್ಲ. ನಡುವಿನ ತೀವ್ರತೆ ಅರ್ಧಕ್ಕೆ ಇಳಿಯುವ ಗಡಿ ಅದು.

ಲೆನ್ಸನ್ನು ಕೂರಿಸುವ ರೀತಿಗಳು ಹಲವು. ಹಳೆಯ ಹೋಲ್ಡರಿಗೆ ಬಲ್ಬನ್ನು ಒತ್ತಿ ತಿರುಗಿಸುತ್ತಿದ್ದೆವಲ್ಲ, ಅದೇ ಬಗೆಯಲ್ಲಿ ಒತ್ತಿ ಕಾಲು ಸುತ್ತು ತಿರುಗಿಸಿದರೆ ಕಳಚಿಕೊಳ್ಳುವ ಲೆನ್ಸ್ ನನಗೆ ಎಲ್ಲಕ್ಕಿಂತ ಮೆಚ್ಚುಗೆ. ಏಣಿಯ ಮೇಲೆ ನಿಂತು, ಒಂದು ಕೈಯಲ್ಲಿ, ದೀಪವನ್ನು ಸೀಲಿಂಗ್‌ನಿಂದ ಇಳಿಸದೆಯೇ ಈ ಕೆಲಸ ಮುಗಿಸಬಹುದು. ಮುಂದಿನ ಉಂಗುರವನ್ನು ಅಯಸ್ಕಾಂತದಿಂದ ಹಿಡಿಸಿರುವುದೂ ಇದೆ, ಅದೂ ಸುಲಭವೇ. ಪ್ಲಾಸ್ಟಿಕ್ಕಿನ ಮೂರು ಕೊಕ್ಕೆಗಳಿಂದ ಕಚ್ಚಿಕೊಂಡಿರುವ ಲೆನ್ಸನ್ನು ತೆಗೆಯುವುದಕ್ಕೆ ತಾಳ್ಮೆ ಬೇಕು, ಏಕೆಂದರೆ ಒಂದೆರಡು ವರ್ಷ ಬಿಸಿ ತಿಂದ ಕೊಕ್ಕೆ ಪಟ್ಟೆಂದು ಮುರಿಯುತ್ತದೆ. ಹಿಂಬದಿಯಿಂದ ಸ್ಕ್ರೂ ಹಾಕಿರುವ ದೀಪವನ್ನು ಕೆಳಗಿಳಿಸಲೇಬೇಕು. ಇನ್ನು ಅಂಟಿಸಿರುವುದನ್ನು ಬಿಚ್ಚಲು ಹೋಗಬೇಡಿ.

ನಮ್ಮ ಮನೆಯದೇ ಒಂದು ಉದಾಹರಣೆ ಇದೆ. ಬಣ್ಣ ಬಳಿಯಲು ಬಂದವರು ದೀಪದ ಸುತ್ತ ಅಂಟಿಸಿದ್ದ ಟೇಪನ್ನು ಕೀಳುವಾಗ ಒಂದು ಲೆನ್ಸಿನ ಕೊಕ್ಕೆ ಮುರಿದು, ಲೆನ್ಸ್ ನೆಲಕ್ಕೆ ಬಿದ್ದು ಬಿರುಕು ಬಿಟ್ಟಿತು. ಕೊಂಡಾಗ 'ಯಾವಾಗ ಬೇಕಾದರೂ ತರಿಸಿಕೊಡುತ್ತೇವೆ' ಎಂದಿದ್ದ ಅಂಗಡಿಯವರು ಆ ಮಾದರಿ ಈಗ ಬರುವುದಿಲ್ಲ ಎಂದು ಕೈಚೆಲ್ಲಿದರು. ಚಿಪ್ಪೂ ಡ್ರೈವರೂ ಚೆನ್ನಾಗಿರುವ ಆ ದೀಪ ಈಗ ಲೆನ್ಸಿಲ್ಲದೆ ಸಾಮಾನಿನ ಕೋಣೆಯಲ್ಲಿ ಉರಿಯುತ್ತಿದೆ. ಆದ್ದರಿಂದ ಕೊಳ್ಳುವಾಗಲೇ ಲೆನ್ಸನ್ನು ನಿಮ್ಮ ಕೈಯಿಂದಲೇ ಒಮ್ಮೆ ಬಿಚ್ಚಿ ಹಾಕಿ ನೋಡಿ. ತಯಾರಕರ ಕ್ಯಾಟಲಾಗಿನಲ್ಲಿ ಲೆನ್ಸಿಗೆ ಬೇರೆಯದೇ ಸಂಖ್ಯೆ ಮತ್ತು ಬೆಲೆ ಇದೆಯೇ ಎಂದು ಕೇಳಿ, ಇದ್ದರೆ ನಾಲ್ಕೈದು ಲೆನ್ಸ್‌ಗಳನ್ನು ಅಂದೇ ಕೊಂಡು ಬಿಲ್ಲಿನ ಜೊತೆಗೆ ಎತ್ತಿಡಿ. ಒಂದು ದೀಪದ ಲೆನ್ಸನ್ನು ಇನ್ನೊಂದು ಕಂಪನಿಯ ದೀಪಕ್ಕೆ ಹಾಕುವ ಪ್ರಯೋಗ ಬೇಡ. ಅಳತೆ ಕೂಡಿಬಂದರೂ ಚಿಪ್ಪಿನ ಗಾತ್ರ ಬೇರೆಯಾದರೆ 24 ಡಿಗ್ರಿ ಎಂದು ಬರೆದದ್ದು ಅಷ್ಟಕ್ಕೇ ನಿಲ್ಲುವುದಿಲ್ಲ, ಗೋಡೆಯ ಮೇಲೆ ಬೆಳಕಿನ ಅಂಚಿಗೆ ಹಳದಿ ಬಳೆಯೂ ಕಾಣಿಸಿಕೊಳ್ಳುತ್ತದೆ.

ಸದ್ಯಕ್ಕೆ ನಿಮ್ಮ 14 ದೀಪಗಳನ್ನೂ ಕಿತ್ತುಹಾಕುವ ಅಗತ್ಯವಿಲ್ಲ. ಮೊದಲು ಒಂದನ್ನು ಇಳಿಸಿ, ಮುಂದಿನ ಉಂಗುರ ತಿರುಗುತ್ತದೆಯೇ ನೋಡಿ. ತಿರುಗದಿದ್ದರೆ ಮೇಜಿನ ಮೇಲಿನ ಎರಡನ್ನು ಮಾತ್ರ ಲೆನ್ಸ್ ಬದಲಿಸಬಹುದಾದ ದೀಪಕ್ಕೆ ಬದಲಾಯಿಸಿ. ಸೀಲಿಂಗ್‌ನಲ್ಲಿ ಈಗಿರುವ ರಂಧ್ರದ ಅಳತೆಯನ್ನು ಮಿಲಿಮೀಟರ್‌ನಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. ಜಿಪ್ಸಮ್ ಹಲಗೆಯ ರಂಧ್ರವನ್ನು ದೊಡ್ಡದು ಮಾಡುವುದು ಐದು ನಿಮಿಷದ ಕೆಲಸ, ಚಿಕ್ಕದು ಮಾಡುವುದು ಮಾತ್ರ ಅಷ್ಟು ಸುಲಭವಲ್ಲ. ಹೊಸ ದೀಪಕ್ಕೆ ಅದರ ಜೊತೆಗೆ ಬಂದ ಡ್ರೈವರನ್ನೇ ಬಳಸಬೇಕು, ಹಳೆಯದನ್ನು ಜೋಡಿಸಬಾರದು. ಕೆಲಸಕ್ಕೆ ಮುಂಚೆ ಗೋಡೆಯ ಸ್ವಿಚ್ ಆರಿಸಿದರೆ ಸಾಲದು, ಎಂಸಿಬಿಯನ್ನೇ ಇಳಿಸಿ. ಅಗ್ಗದ ಡ್ರೈವರ್‌ಗಳಲ್ಲಿ ಮನೆಯ ಕರೆಂಟಿಗೂ ಚಿಪ್ಪಿನ ತಂತಿಗೂ ನಡುವೆ ಪ್ರತ್ಯೇಕತೆ ಇರುವುದಿಲ್ಲ. ಲೆನ್ಸ್ ತೆಗೆದಾಗ ಬೆರಳು ಚಿಪ್ಪಿನ ಅಂಚಿಗೆ ತಾಗಿದರೆ ಶಾಕ್ ಹೊಡೆಯಬಹುದು.

ಇನ್ನೊಂದು ಹಳೆಯ ದಾರಿಯೂ ಇದೆ. ಖಾಲಿ ಚೌಕಟ್ಟನ್ನು ಸೀಲಿಂಗ್‌ಗೆ ಕೂರಿಸಿ, ಅದರೊಳಗೆ ಎಂಆರ್16 ಗಾತ್ರದ ಬಲ್ಬ್ ಹಾಕುವುದು. 16 ಎಂದರೆ ಅಂಗುಲದ ಎಂಟನೇ ಒಂದು ಭಾಗಗಳ ಲೆಕ್ಕದಲ್ಲಿ 16, ಅಂದರೆ ಎರಡು ಅಂಗುಲ ಅಗಲ. ಬುಡದಲ್ಲಿ 10 ಮಿಲಿಮೀಟರ್ ಅಂತರದ ಎರಡು ಗುಬುಟುಗಳಿರುವ ಜಿಯು10 ಬಲ್ಬ್ ನೇರವಾಗಿ ಮನೆಯ ಕರೆಂಟಿಗೇ ಉರಿಯುತ್ತದೆ. ಇಲ್ಲಿ ಲೆನ್ಸ್ ಬೇರೆಯಾಗಿ ಸಿಗುವುದಿಲ್ಲ, ಬೇರೆ ಡಿಗ್ರಿ ಬೇಕಾದರೆ ಬಲ್ಬನ್ನೇ ಬದಲಿಸಬೇಕು, ಜೊತೆಗೆ ಡ್ರೈವರೂ ಹೋಗುತ್ತದೆ. ವ್ಯರ್ಥ ಎನಿಸಿದರೂ ಯಾವ ಕಂಪನಿಯ ಬಲ್ಬಾದರೂ ಹೊಂದುತ್ತದೆ ಎಂಬ ಒಂದೇ ಕಾರಣಕ್ಕೆ, ಬಿಡಿಭಾಗ ತರಿಸುವುದು ಕಷ್ಟವಾಗಿರುವ ಊರುಗಳವರಿಗೆ ನಾನು ಇದನ್ನೇ ಸೂಚಿಸುತ್ತೇನೆ.

ಪ್ರಶ್ನೆ: ಅಡುಗೆಮನೆಯ ಸೀಲಿಂಗ್ ದೀಪಗಳ ಮುಂದಿನ ಬಿಳಿ ಪ್ಲಾಸ್ಟಿಕ್ ಹಳದಿಯಾಗಿದೆ. ಮೊದಲ ಮಳೆಗೆ ಬಂದ ರೆಕ್ಕೆಯ ಹುಳುಗಳು ಒಳಗೆ ಸೇರಿ ಸತ್ತು ಕಪ್ಪು ಚುಕ್ಕೆಗಳಂತೆ ಕಾಣುತ್ತಿವೆ. ಬಿಚ್ಚಿ ತೊಳೆಯಬಹುದೇ?
– ಓದುಗರು, ಕುಂದಾಪುರ

ಉತ್ತರ: ದೀಪ ಎಷ್ಟು ದಪ್ಪವಿದೆ ಎಂಬುದರ ಮೇಲೆ ಉತ್ತರ ನಿಂತಿದೆ. ದೋಸೆಯಂತೆ ತೆಳ್ಳಗಿರುವ ಪ್ಯಾನೆಲ್ ಆದರೆ ಅದರ ಚಿಪ್ಪುಗಳು ಅಂಚಿನ ಸುತ್ತ ಕುಳಿತಿದ್ದು, ಬೆಳಕು ಒಂದು ಪಾರದರ್ಶಕ ಹಲಗೆಯೊಳಗೆ ಅಡ್ಡಡ್ಡ ಸಾಗಿ ಕೆಳಗೆ ಬರುತ್ತದೆ. ಆ ಹಲಗೆ ಅಕ್ರಿಲಿಕ್‌ನದಾಗಿದ್ದರೆ ಬಹಳ ಕಾಲ ತಿಳಿಯಾಗಿರುತ್ತದೆ, ಅಗ್ಗದ ಪಾಲಿಸ್ಟೈರೀನ್ ಆಗಿದ್ದರೆ ಬಿಸಿಗೂ ಬೆಳಕಿಗೂ ಬೇಗ ಹಳದಿಗಟ್ಟುತ್ತದೆ. ಹಳದಿಯಾಗಿರುವುದು ಈ ಹಲಗೆಯೇ ಆದರೆ ತೊಳೆದು ಪ್ರಯೋಜನವಿಲ್ಲ. ದೀಪ ಎರಡು ಬೆರಳಿನಷ್ಟು ದಪ್ಪವಿದ್ದು, ಚಿಪ್ಪುಗಳು ಹಿಂದಿನಿಂದ ನೇರವಾಗಿ ಬೆಳಗುವಂಥದಾದರೆ ಮುಂದಿನ ಬಿಳಿ ಮುಚ್ಚಳವನ್ನು ಬಹುಮಟ್ಟಿಗೆ ತಿರುಗಿಸಿ ತೆಗೆಯಬಹುದು. ತೆಗೆದ ಮುಚ್ಚಳವನ್ನು ಹಗಲು ಬೆಳಕಿನಲ್ಲಿ ಒಂದು ಬಿಳಿ ಹಾಳೆಯ ಮೇಲೆ ಇಟ್ಟು ನೋಡಿ. ಕೈಗೆ ಜಿಡ್ಡು ಅಂಟಿದರೆ ಅದು ಒಗ್ಗರಣೆಯ ಹಳದಿ, ತೊಳೆದರೆ ಹೋಗುತ್ತದೆ. ನುಣುಪಾಗಿದ್ದೂ ಹಳದಿಯಾಗಿ ಕಂಡರೆ ಪ್ಲಾಸ್ಟಿಕ್ಕೇ ಮುಪ್ಪಾಗಿದೆ, ಮುಚ್ಚಳವನ್ನಷ್ಟೇ ಹೊಸದು ತರಿಸಿ.

ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ಹನಿ ಹಾಕಿ, ಮೆತ್ತನೆಯ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ ಹಾಕಿದರೆ ಸಾಕು. ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ, ಸ್ಪಿರಿಟ್ ಯಾವುದೂ ಬೇಡ. ಅವು ತಾಗಿದ ಅಕ್ರಿಲಿಕ್ ಮೇಲೆ ಜೇಡರಬಲೆಯಂಥ ಸಣ್ಣ ಬಿರುಕುಗಳು ಮೂಡುತ್ತವೆ, ಅವು ಮತ್ತೆ ಹೋಗುವುದಿಲ್ಲ. ಒಳಗಿನ ಚಿಪ್ಪುಗಳನ್ನು ಒರೆಸಬೇಡಿ, ಹುಳುಗಳನ್ನು ಒಣಗಿದ ಮೆತ್ತನೆಯ ಬ್ರಷ್‌ನಿಂದ ಗುಡಿಸಿದರೆ ಸಾಕು. ಹುಳುಗಳು ಕೆಳಗಿನಿಂದ ಬಂದವೆಂದು ನಾವು ತಿಳಿಯುತ್ತೇವೆ. ಎಷ್ಟೋ ಸಲ ಅವು ಸೀಲಿಂಗ್‌ನ ಮೇಲಿನ ಪೊಳ್ಳಿನಿಂದ, ತಂತಿ ಒಳಹೋಗುವ ತೂತಿನ ಮೂಲಕ ಇಳಿದಿರುತ್ತವೆ. ಆ ತೂತಿನ ರಬ್ಬರ್ ಬಳೆ ಇದೆಯೇ ಎಂದು ನೋಡಿ, ಕಳೆದುಹೋಗಿದ್ದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಹೊಸದು ಹಾಕಿಸಿ.

ಪ್ರಶ್ನೆ: ನಮ್ಮದು ರೇಷ್ಮೆ ಸೀರೆಯ ಅಂಗಡಿ. ಒಳಗೆ ನೋಡಿದ ಬಣ್ಣ ಹೊರಗೆ ಬೇರೆಯಾಗಿ ಕಾಣುತ್ತದೆಂದು ಗಿರಾಕಿಗಳು ಬಾಗಿಲವರೆಗೂ ಸೀರೆ ಹಿಡಿದು ಹೋಗುತ್ತಾರೆ. ಲೆನ್ಸ್ ಬದಲಿಸಿದರೆ ಸರಿಹೋಗುತ್ತದೆಯೇ?
– ಓದುಗರು, ದಾವಣಗೆರೆ

ಉತ್ತರ: ಇಲ್ಲ. ಲೆನ್ಸ್ ಬೆಳಕಿನ ಅಗಲವನ್ನು ಬದಲಿಸುತ್ತದೆ. ಬಣ್ಣಗಳು ಸರಿಯಾಗಿ ಕಾಣುವುದು ಚಿಪ್ಪಿಗೆ ಸೇರಿದ ವಿಷಯ. ಸಿಆರ್‌ಐ, ಅಂದರೆ ದೀಪದ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದರ ಅಂಕ, 90ಕ್ಕಿಂತ ಹೆಚ್ಚಿರುವ ದೀಪವನ್ನು ಕೇಳಿ, ಜೊತೆಗೆ ಆರ್9 ಎಷ್ಟೆಂದು ಕೇಳುವುದನ್ನು ಮರೆಯಬೇಡಿ. ಸಿಆರ್‌ಐ ಎಂದು ಪೆಟ್ಟಿಗೆಯ ಮೇಲೆ ಬರೆಯುವುದು ಮೊದಲ ಎಂಟು ಮಾದರಿ ಬಣ್ಣಗಳ ಸರಾಸರಿ ಮಾತ್ರ; ಗಾಢ ಕೆಂಪು ಒಂಬತ್ತನೆಯದು, ಸರಾಸರಿಯ ಲೆಕ್ಕಕ್ಕೆ ಬರುವುದೇ ಇಲ್ಲ. ಕುಂಕುಮ ಬಣ್ಣದ ಸೀರೆ ಮಾರುವವರಿಗೆ ಆ ಒಂಬತ್ತನೆಯದೇ ಮುಖ್ಯ.

ಹಾಗೆಂದು ಲೆನ್ಸ್ ನಿಮಗೆ ಬೇಡವೆಂದಲ್ಲ. ತೂಗುಹಾಕಿದ ಸೀರೆ ಉದ್ದಕ್ಕೆ ಇಳಿದಿರುತ್ತದೆ, ಬೆಳಕು ದುಂಡಗೆ ಬಿದ್ದರೆ ಸೆರಗು ಬೆಳಗಿ ಅಂಚು ಕತ್ತಲಲ್ಲಿ ಉಳಿಯುತ್ತದೆ. ಬೆಳಕನ್ನು ಒಂದೇ ದಿಕ್ಕಿಗೆ ಹಿಗ್ಗಿಸಿ ಮೊಟ್ಟೆಯಾಕಾರ ಮಾಡುವ ಲೆನ್ಸ್‌ಗಳು ಸಿಗುತ್ತವೆ. ತಿರುಗಿಸಿ ಕೂರಿಸುವಾಗ ಹಿಗ್ಗಿದ ದಿಕ್ಕು ಸೀರೆಯ ಉದ್ದಕ್ಕೆ ಸರಿಯಾಗಿದೆಯೇ ಎಂದು ಕೆಳಗೆ ಒಬ್ಬರನ್ನು ನಿಲ್ಲಿಸಿ ನೋಡಿ. ಗದ್ದಿಗೆಯ ಮೇಲೆ ಕುಳಿತವರ ಕಣ್ಣಿಗೆ ದೀಪ ಚುಚ್ಚುತ್ತಿದ್ದರೆ ಲೆನ್ಸಿನ ಮುಂದೆ ಜೇನುಗೂಡಿನಂಥ ಕಪ್ಪು ಜಾಲರಿ ಹಾಕಿಸಬಹುದು, ಆದರೆ ಅದು ಸ್ವಲ್ಪ ಬೆಳಕನ್ನು ನುಂಗುತ್ತದೆ. ದಿನವಿಡೀ ಉರಿದ ದೀಪವನ್ನು ಆರಿಸಿ ಹತ್ತು ನಿಮಿಷ ತಣಿಯಲು ಬಿಟ್ಟು ಆಮೇಲೆ ಕೈ ಹಾಕಿ. ಬಿಚ್ಚಿದ ಲೆನ್ಸಿನ ಅಂಚಿಗೆ ಅದರ ಡಿಗ್ರಿಯನ್ನು ಮಾರ್ಕರ್‌ನಲ್ಲಿ ಬರೆದಿಡಿ, ಏಕೆಂದರೆ ಡಬ್ಬಿಯಲ್ಲಿ ಬೆರೆತುಹೋದ ಮೇಲೆ 24 ಮತ್ತು 36 ಕಣ್ಣಿಗೆ ಒಂದೇ.

ಪ್ರಶ್ನೆ: ಇಲ್ಲಿನ ದೀಪಗಳ ಒಳಭಾಗವನ್ನು ಬದಲಿಸುವಂತಿರಬೇಕೆಂಬ ಕಾನೂನು ಇದೆಯಂತೆ. ಲೆನ್ಸಿಗೂ ಅನ್ವಯಿಸುತ್ತದೆಯೇ?
– ಓದುಗರು, ಸ್ಟುಟ್‌ಗಾರ್ಟ್, ಜರ್ಮನಿ

ಉತ್ತರ: ನೀವು ಹೇಳುತ್ತಿರುವುದು ಐರೋಪ್ಯ ಒಕ್ಕೂಟದ 2019/2020 ಸಂಖ್ಯೆಯ ನಿಯಮ, 2021ರ ಸೆಪ್ಟೆಂಬರ್ 1ರಿಂದ ಅನ್ವಯವಾಗಿದೆ. ಬೆಳಕಿನ ಮೂಲವನ್ನೂ ಪ್ರತ್ಯೇಕವಾಗಿರುವ ಡ್ರೈವರನ್ನೂ ಸಾಮಾನ್ಯವಾಗಿ ಸಿಗುವ ಉಪಕರಣಗಳಿಂದ, ದೀಪಕ್ಕೆ ಶಾಶ್ವತ ಹಾನಿಯಾಗದಂತೆ ಬದಲಿಸಲು ಬರಬೇಕೆಂದು ಅದು ಹೇಳುತ್ತದೆ. ತಾಂತ್ರಿಕ ಕಾರಣ ತೋರಿಸಿದರೆ ವಿನಾಯಿತಿಯೂ ಇದೆ. ಲೆನ್ಸನ್ನು ಬಿಡಿಯಾಗಿ ಮಾರಲೇಬೇಕೆಂಬ ಮಾತು ಅದರಲ್ಲಿಲ್ಲ. ಆದರೂ ಚಿಪ್ಪನ್ನು ತಲುಪಬೇಕಾದರೆ ಬಹುತೇಕ ದೀಪಗಳಲ್ಲಿ ಮೊದಲು ಲೆನ್ಸನ್ನು ತೆಗೆಯಬೇಕಾಗುತ್ತದೆ, ಹಾಗಾಗಿ ಅಂಟಿಸಿದ ಲೆನ್ಸ್ ಅಲ್ಲಿನ ತಯಾರಕರಿಗೇ ತೊಡಕು. ಬೇರೆ ಬೇರೆ ಕಂಪನಿಗಳ ಎಲ್‌ಇಡಿ ಭಾಗಗಳು ಒಂದಕ್ಕೊಂದು ಕೂಡಬೇಕೆಂದು 2010ರಲ್ಲಿ ಆರಂಭವಾದ ಝಾಗಾ ಒಕ್ಕೂಟದ ಗುರುತು ಪೆಟ್ಟಿಗೆಯ ಮೇಲಿದ್ದರೆ ಆ ದೀಪಕ್ಕೆ ಮೊದಲ ಆದ್ಯತೆ ಕೊಡಿ. ಊರಿಗೆ ಬರುವಾಗ ಅಲ್ಲಿಂದ ದೀಪ ತರುವ ಯೋಚನೆ ಇದ್ದರೆ, ಜೊತೆಗೆ ಲೆನ್ಸ್‌ಗಳನ್ನೂ ತನ್ನಿ.