ಸೊಂಟದಲ್ಲಿ 6 ಮೂಳೆ ಇದ್ದರೆ ನಾರ್ಮಲ್ ಹೆರಿಗೆ ಆಗಲ್ವಾ?

ಹಳೆಯ ಎಕ್ಸ್‌ರೇಯಲ್ಲಿ ಸೊಂಟದ ಭಾಗದ ಬೆನ್ನುಮೂಳೆ 5ರ ಬದಲು 6 ಅಂತ ಬಂದಿದೆ, ಈಗ ಏಳು ತಿಂಗಳು, ಸಿಸೇರಿಯನ್ನೇ ಗತಿಯಾ ಅಂತ ಕೇಳಿದ್ದೀರಿ. ಗಾಬರಿ ಬೇಡ. ಇದೊಂದೇ ಕಾರಣಕ್ಕೆ ಸಿಸೇರಿಯನ್ ಬೇಕಾಗುವುದಿಲ್ಲ.

ಸಾಮಾನ್ಯವಾಗಿ ಬೆನ್ನೆಲುಬಿನ ಮೂಳೆಗಳು ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5. ಅದರ ಕೆಳಗೆ 5 ಮೂಳೆ ಬೆಸೆದುಕೊಂಡು ಸೇಕ್ರಮ್ ಆಗಿರುತ್ತದೆ. ಕೆಲವರಲ್ಲಿ ಸೇಕ್ರಮ್ಮಿನ ಮೊದಲ ಮೂಳೆ ಬೆಸೆಯದೆ ಬಿಡಿಯಾಗಿ ಉಳಿದುಬಿಡುತ್ತದೆ, ಎಣಿಸಿದರೆ ಸೊಂಟದಲ್ಲಿ 6. ನಿಮ್ಮದೂ ಹೀಗೇ ಇರಬಹುದು.

ಹೆರಿಗೆ ವಿಷಯದಲ್ಲಿ ಹೆಚ್ಚು ಚರ್ಚೆಯಾಗಿರುವುದು ಇದರ ಉಲ್ಟಾ ಕಥೆ. ಸೊಂಟದ 5ನೇ ಮೂಳೆ ಸೇಕ್ರಮ್ಮಿಗೆ ಅಂಟಿಕೊಂಡರೆ ಸೇಕ್ರಮ್ ಉದ್ದವಾಗುತ್ತದೆ, ಮಗುವಿನ ತಲೆ ಇಳಿಯುವ ಬಾಗಿಲಿನ ಓರೆ ಜಾಸ್ತಿಯಾಗುತ್ತದೆ, ಹಾಗಾಗಿ ತಲೆ ಕೂರುವುದು ತಡವಾಗಬಹುದು. ಆದರೂ ಮಗುವಿನ ಗಾತ್ರ, ತಲೆಯ ಭಂಗಿ, ನೋವಿನ ಬಲ ಇವೆಲ್ಲ ಸೇರಿಯೇ ಹೆರಿಗೆ ತೀರ್ಮಾನವಾಗುವುದು.

ನಿಮಗೆ ನಿಜಕ್ಕೂ ಮುಖ್ಯವಾದದ್ದು ಬೆನ್ನಿಗೆ ಕೊಡುವ ಇಂಜೆಕ್ಷನ್. ಅರಿವಳಿಕೆ ಡಾಕ್ಟರು ಸೊಂಟದ ಎರಡೂ ಕಡೆ ಮೂಳೆಯ ಮೇಲಂಚನ್ನು ಬೆರಳಿನಿಂದ ಮುಟ್ಟಿ, ನಡುವೆ ಅಡ್ಡಗೆರೆ ಇದೆ ಅಂದುಕೊಂಡು ಜಾಗ ಎಣಿಸುತ್ತಾರೆ. ಆ ಗೆರೆ ಸಾಮಾನ್ಯವಾಗಿ ಸೊಂಟದ 4ನೇ ಬೆನ್ನುಮೂಳೆಯ ಹತ್ತಿರ ಬರುತ್ತದೆ. ಮೂಳೆಯ ಸಂಖ್ಯೆ ಬೇರೆಯಿದ್ದರೆ ಎಣಿಕೆ ಒಂದು ಆಚೀಚೆ ಆಗಬಹುದು, ಅಲ್ವಾ? ಮೊದಲೇ ಗೊತ್ತಿದ್ದರೆ ಅವರು ಅಲ್ಟ್ರಾಸೌಂಡ್ ಇಟ್ಟು ನೋಡಬಹುದು. ಆ ಎಕ್ಸ್‌ರೇ ರಿಪೋರ್ಟನ್ನು ಹೆರಿಗೆ ಫೈಲಿಗೆ ಈಗಲೇ ಸೇರಿಸಿಡಿ, ನೋವು ಶುರುವಾದಮೇಲೆ ಹುಡುಕುವುದು ಕಷ್ಟ.