ಕ್ಯಾಂಪರ್ ಹಿಂಭಾರ ಆಗಬಾರದು

ಪ್ರಶ್ನೆ: ನಾವು ಮೆಲ್ಬರ್ನ್‌ನಲ್ಲಿದ್ದೇವೆ. ಬ್ರೇಕ್ ಇರುವ ಟ್ರೇಲರ್ ಆದರೆ 1500 ಕೆಜಿವರೆಗೆ ಎಳೆಯಬಹುದು ಎಂದು ನಮ್ಮ ಎಸ್‌ಯುವಿಯ ಪುಸ್ತಕದಲ್ಲಿದೆ. ಸೆಕೆಂಡ್‌ಹ್ಯಾಂಡ್ ಕ್ಯಾಂಪರ್ ಟ್ರೇಲರ್ (ಕಾರಿನ ಹಿಂದೆ ಎಳೆದೊಯ್ಯುವ, ಮಲಗಲು ಟೆಂಟ್ ಇರುವ ಗಾಡಿ) ಒಂದನ್ನು ನೋಡಿದ್ದೇವೆ. ಅದರ ಪ್ಲೇಟಿನಲ್ಲಿ ಟೇರ್ 1180, ಎಟಿಎಂ 1600 ಎಂದಿದೆ. ಮಾರುವವರು ‘1180 ತಾನೆ, ಆರಾಮಾಗಿ ಎಳೆಯುತ್ತೆ’ ಅನ್ನುತ್ತಾರೆ. ಇಬ್ಬರು ಮಕ್ಕಳ ಜೊತೆ ಗ್ರಾಂಪಿಯನ್ಸ್ ಬೆಟ್ಟಗಳಿಗೆ ಹೋಗುವ ಆಸೆ. ತಗೊಳ್ಳಬಹುದಾ?

ಉತ್ತರ: ಬೇಡ ಅಂತಲೇ ನನ್ನ ಸಲಹೆ. 1180 ಅನ್ನುವುದು ಖಾಲಿ ಟ್ರೇಲರ್‌ನ ತೂಕ. ಸಾಮಾನೆಲ್ಲ ತುಂಬಿದ ಮೇಲೆ ಅದು ಎಷ್ಟರವರೆಗೆ ತೂಗಬಹುದು ಅನ್ನುವುದೇ ಎಟಿಎಂ. ನೀವು ಖಾಲಿ ಟ್ರೇಲರ್ ಎಳೆದುಕೊಂಡು ಹೋಗಲ್ವಲ್ಲ! 80 ಲೀಟರ್ ನೀರು ಅಂದರೆ 80 ಕೆಜಿ. 9 ಕೆಜಿ ಗ್ಯಾಸ್ ಬಾಟಲಿ ಕಬ್ಬಿಣವೂ ಸೇರಿ 18ರ ಹತ್ತಿರ. ಫ್ರಿಜ್, ಬ್ಯಾಟರಿ, ಹಾಸಿಗೆ, ಕುಕ್ಕರ್, ಅಕ್ಕಿ, ಬೇಳೆ. ನಾಲ್ಕು ಜನರ ನಮ್ಮ ಮನೆಯ ಸಾಮಾನು ತೂಗಿದಾಗ 290 ಬಂತು. ನಿಮ್ಮದೂ ಅಷ್ಟೇ ಆದರೆ 1470. ನಿಮ್ಮ ಕಾರಿನ 1500ರಲ್ಲಿ ಉಳಿಯುವುದು 30 ಕೆಜಿ. ಹಿಂದಿನ ಮಾಲೀಕರು ಆಮೇಲೆ ಹಾಕಿಸಿದ ಚಪ್ಪರ, ಎರಡನೇ ಬ್ಯಾಟರಿ ಪ್ಲೇಟಿನ ಟೇರ್ ಲೆಕ್ಕಕ್ಕೆ ಬಂದಿರುವುದೇ ಇಲ್ಲ.

ಇನ್ನೊಂದು ಲೆಕ್ಕವನ್ನು ಸುಮಾರು ಜನ ಮರೆಯುತ್ತಾರೆ. ಟ್ರೇಲರ್‌ನ ಒಟ್ಟು ತೂಕದ ಸುಮಾರು ಹತ್ತನೇ ಒಂದು ಭಾಗ ಕಾರಿನ ಟೋ ಬಾಲ್ (ಹಿಂಬದಿಯಲ್ಲಿ ಟ್ರೇಲರ್ ಸಿಕ್ಕಿಸುವ ಗುಂಡು) ಮೇಲೆ ಕೂರುತ್ತದೆ. ಇಲ್ಲಿ ಅದು 147 ಕೆಜಿ. ಅಷ್ಟನ್ನು ಹೊರಲು ನಿಮ್ಮ ಬಾಲ್‌ಗೆ ಅನುಮತಿ ಇದೆಯಾ, ಪುಸ್ತಕದಲ್ಲಿ ನೋಡಿ. ಅದು ಕಾರಿನೊಳಗಿನ ಭಾರದ ಮಿತಿಯಲ್ಲೂ ಕಳೆದುಹೋಗುತ್ತದೆ. ಕಾರು 480 ಕೆಜಿ ಹೊರುತ್ತದೆ ಅಂದುಕೊಳ್ಳಿ. ನಾಲ್ಕು ಜನ 250, ಬಾಲ್ ಮೇಲೆ 147. ಆ ಬಾಲ್ ಕೂರುವ ಟೋ ಬಾರ್‌ಗೂ ಡಿಕ್ಕಿಯ ಸಾಮಾನಿಗೂ ಸೇರಿ ಮಿಕ್ಕಿದ್ದು 83.

ಹಾಗಂತ ಬಾಲ್ ಮೇಲಿನ ಭಾರ ತಗ್ಗಿಸೋಣ ಎಂದು ಸಾಮಾನನ್ನು ಹಿಂದಕ್ಕೆ ತುಂಬಬೇಡಿ. ನನ್ನೂರು ಮಂಡ್ಯದ ಕಡೆ. ಗಾಡಿಗೆ ಕಬ್ಬು ತುಂಬಿದ ಮೇಲೆ ಅಪ್ಪ ನೊಗವನ್ನು ಒಂದು ಸಲ ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಹಿಂಭಾರವಾದರೆ ಮೂಕಿ ಮೇಲಕ್ಕೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಮುಂಭಾರವಾದರೆ ಹೆಗಲು ಕುಸಿಯುತ್ತದೆ. ಇದನ್ನೆಲ್ಲ ನೋಡಿ ಬೆಳೆದ ನಾನೇ 2016ರಲ್ಲಿ ಕ್ಯಾಂಪರ್‌ನ ಹಿಂಬದಿಗೆ ನಾಲ್ಕು ಸೈಕಲ್ ಕಟ್ಟಿದ್ದೆ. ಹ್ಯೂಮ್ ಹೆದ್ದಾರಿಯಲ್ಲಿ ಲಾರಿಯೊಂದು ದಾಟಿದ ಗಾಳಿಗೆ ಟ್ರೇಲರ್ ಅತ್ತಿಂದಿತ್ತ ಬಾಲ ಬೀಸತೊಡಗಿತು. ಮಗಳು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಬ್ರೇಕ್ ಒತ್ತಲಿಲ್ಲ. ಸ್ಟೇರಿಂಗ್ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ವೇಗ ಇಳಿದ ಮೇಲೆ ತಾನಾಗಿ ಸರಿಹೋಯಿತು. ಭಾರದ ಸಾಮಾನು ಅಚ್ಚಿನ ಹತ್ತಿರ, ಕೆಳಗೆ ಇರಲಿ.

ನಿಮ್ಮ ಕಾರಿಗೆ ಟೇರ್ 900ರಿಂದ 1000 ಇರುವ, ಬಟ್ಟೆಯ ಟೆಂಟ್ ಬಿಚ್ಚಿಕೊಳ್ಳುವ ಕ್ಯಾಂಪರ್ ಹುಡುಕಿ. 750 ಕೆಜಿ ದಾಟಿದ ಟ್ರೇಲರ್‌ಗೆ ಬ್ರೇಕ್ ಇರಲೇಬೇಕು, ಅದು ಕೆಲಸ ಮಾಡುತ್ತದಾ ಎಂದು ಓಡಿಸಿ ನೋಡಿ. ಮೊದಲ ಪ್ರವಾಸಕ್ಕೆ ಎಲ್ಲ ತುಂಬಿಕೊಂಡು ವೇಬ್ರಿಡ್ಜ್‌ಗೆ ಹೋಗಿ. ಕಾರಿನಿಂದ ಬಿಚ್ಚಿ, ಮುಂದಿನ ಪುಟ್ಟ ಜಾಕಿ ಚಕ್ರದ ಮೇಲೆ ನಿಲ್ಲಿಸಿ ಪೂರ್ತಿ ಟ್ರೇಲರ್ ತೂಗಿಸಿ. ಆಮೇಲೆ ಕಾರಿಗೆ ಸಿಕ್ಕಿಸಿ, ಟ್ರೇಲರ್‌ನ ಚಕ್ರಗಳನ್ನು ಮಾತ್ರ ತೂಗಿಸಿ. ಎರಡರ ನಡುವಿನ ವ್ಯತ್ಯಾಸವೇ ಬಾಲ್ ಮೇಲೆ ಕೂತ ಭಾರ.