ಪರಾಗದ ಪುಡಿ ತಿಂದರೆ ರಕ್ತ ಏರುತ್ತಾ?

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ಮಗಳಿಗೆ 19 ವರ್ಷ, ಡಿಗ್ರಿ ಓದುತ್ತಿದ್ದಾಳೆ. ಯಾವಾಗಲೂ ಸುಸ್ತು ಅಂತಿದ್ದಳು, ಟೆಸ್ಟ್ ಮಾಡಿಸಿದರೆ ಹಿಮೋಗ್ಲೋಬಿನ್ 9.2 ಬಂತು. ನಮ್ಮ ನಾದಿನಿ ಜೇನು ಪರಾಗದ ಪುಡಿ ಅಂತ ಒಂದು ಡಬ್ಬಿ ತಂದುಕೊಟ್ಟಿದ್ದಾರೆ, 200 ಗ್ರಾಂಗೆ 700 ರೂಪಾಯಿ ಅಂತೆ. ದಿನಾ ಬೆಳಿಗ್ಗೆ ಒಂದು ಚಮಚ ಹಾಲಿಗೆ ಹಾಕಿ ಕೊಡಿ, ಮೂರು ತಿಂಗಳಲ್ಲಿ ರಕ್ತ ತುಂಬುತ್ತೆ, ಮಾತ್ರೆಯೇ ಬೇಡ ಅಂತಾರೆ. ಮಗಳಿಗೆ ಮಳೆಗಾಲ ಬಂತೆಂದರೆ ಒಂದೇ ಸಮ ಸೀನು, ಕಣ್ಣು ತುರಿಕೆ. ಕೊಡಬಹುದಾ?
– ಓದುಗರು, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಬೇಡ ಅಕ್ಕಾ. ನಿಮ್ಮ ಮಗಳಿಗಂತೂ ಬೇಡವೇ ಬೇಡ. ನೀವು ಕೊನೆಯಲ್ಲಿ ಬರೆದ ಆ ಸೀನಿನ ಮಾತೇ ಇಲ್ಲಿ ಮುಖ್ಯ, ಅದರಿಂದಲೇ ಶುರು ಮಾಡುತ್ತೇನೆ.

ಮಳೆ ಬಿದ್ದ ಮೇಲೆ ನಮ್ಮೂರ ಖಾಲಿ ಸೈಟು, ರಸ್ತೆ ಬದಿ, ಹೊಲದ ಬದು ಎಲ್ಲಾ ಕಡೆ ಕಾಂಗ್ರೆಸ್ ಗಿಡ ಬಿಳಿ ಹೂ ಬಿಟ್ಟು ನಿಂತಿರುತ್ತೆ, ನೋಡಿರುತ್ತೀರಿ. ಅದರ ಪರಾಗಕ್ಕೆ ಸೀನು, ಮೂಗು ಸೋರುವುದು, ಕೆಲವರಿಗೆ ಉಬ್ಬಸ, ಚರ್ಮದ ಕೆರೆತ ಬರುತ್ತೆ. ನಿಮ್ಮ ಮಗಳಿಗೆ ಅದೇ ಕಾರಣ ಅಂತ ಇಲ್ಲೇ ಕೂತು ಹೇಳಲಾರೆ, ಆದರೆ ಮಳೆಗಾಲಕ್ಕೇ ಸರಿಯಾಗಿ ಬರುತ್ತೆ ಅಂದರೆ ಅನುಮಾನ ಪಡಲೇಬೇಕು. ಈಗ ಆ ಡಬ್ಬಿಯಲ್ಲಿ ಏನಿದೆ? ಜೇನುನೊಣ ಹೂವಿಂದ ಹೂವಿಗೆ ಹೋಗಿ ಹಿಂಗಾಲಿಗೆ ಅಂಟಿಸಿಕೊಂಡು ತಂದ ಪರಾಗವೇ ಇದೆ. ಜೇನುನೊಣ ಕಾಂಗ್ರೆಸ್ ಹೂವನ್ನೂ ಬಿಡುವುದಿಲ್ಲ. ಡಬ್ಬಿ ಮೇಲೆ 'ಸೂರ್ಯಕಾಂತಿ ಪರಾಗ' ಅಂತ ಬರೆದಿದ್ದರೂ ಧೈರ್ಯ ಪಡಬೇಡಿ, ಸೂರ್ಯಕಾಂತಿ ಮತ್ತು ಕಾಂಗ್ರೆಸ್ ಗಿಡ ಒಂದೇ ಕುಟುಂಬದವು, ಒಂದರ ಅಲರ್ಜಿ ಇದ್ದವರಿಗೆ ಇನ್ನೊಂದರಿಂದಲೂ ಅಲರ್ಜಿ ಆಗಬಹುದು. ಪರಾಗದ ಅಲರ್ಜಿ ಇರುವವರು ಇದನ್ನು ತಿಂದು ತುಟಿ, ಗಂಟಲು ಊದಿಕೊಂಡು ಉಸಿರು ಕಟ್ಟಿ ಆಸ್ಪತ್ರೆ ಸೇರಿದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ, ಅದೂ ಕೆಲವರಿಗೆ ಮೊದಲನೇ ಚಮಚಕ್ಕೇ ಹಾಗಾಗಿದೆ. ಈಗಾಗಲೇ ಕೊಟ್ಟಿದ್ದು ಬಾಯಿ ತುರಿಕೆ, ಮೈ ಮೇಲೆ ಗಂಧೆ ಕಂಡರೆ ತಕ್ಷಣ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಮುಖ ಊದಿತು, ಉಸಿರಾಟ ಕಷ್ಟ ಆಯಿತು ಅಂದರೆ ಮನೆಮದ್ದು ಮಾಡುತ್ತಾ ಕೂರದೆ ನೇರ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.

ಇನ್ನು ರಕ್ತದ ಮಾತು. ಅಲರ್ಜಿ ಇಲ್ಲದವರಿಗೂ ಇದರಿಂದ ರಕ್ತ ತುಂಬುವುದಿಲ್ಲ. ಒಂದು ಚಮಚ ಅಂದರೆ ಸುಮಾರು 5 ಗ್ರಾಂ ಪುಡಿ, ಅದರಲ್ಲಿ ಒಂದು ಮಿಲಿಗ್ರಾಂ ಕಬ್ಬಿಣಾಂಶ ಸಿಗುವುದೂ ಕಷ್ಟ. ಹೆಣ್ಣುಮಕ್ಕಳಿಗೆ ದಿನಕ್ಕೆ ಬೇಕಾದ್ದು 29 ಮಿಲಿಗ್ರಾಂ, ಇದು ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಕೊಟ್ಟ ಲೆಕ್ಕ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಕೊಡುವ ಒಂದು ಕಬ್ಬಿಣದ ಮಾತ್ರೆಯಲ್ಲೇ 60 ಮಿಲಿಗ್ರಾಂ ಇರುತ್ತೆ. 'ಮಾತ್ರೆಯೇ ಬೇಡ' ಅನ್ನುವ ಮಾತು ಕೇಳಿದಾಗ ನನಗೆ ನಿಜವಾಗಿ ಭಯ ಆಗುತ್ತೆ, ಯಾಕೆಂದರೆ ಆ ಮೂರು ತಿಂಗಳು ಹುಡುಗಿ ಸುಸ್ತಲ್ಲೇ ಕಾಲೇಜಿಗೆ ಹೋಗಿಬರುತ್ತಾಳೆ, ರಕ್ತ ಯಾಕೆ ಕಮ್ಮಿ ಆಯಿತು ಅಂತ ಯಾರೂ ನೋಡುವುದೇ ಇಲ್ಲ. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಾ? ಜಂತುಹುಳು ಇದೆಯಾ? ಬಿ12 ಕಮ್ಮಿ ಇದೆಯಾ? ಮೊದಲು ಇದನ್ನು ಡಾಕ್ಟರ್ ಹತ್ತಿರ ಕೇಳಿ. (ಪರಾಗದಲ್ಲಿ ಬಿ12 ಇದೆ ಅಂತಲೂ ಮಾರುತ್ತಾರೆ. ಪರಾಗ ಗಿಡದ್ದು, ಗಿಡಗಳು ಬಿ12 ತಯಾರಿಸುವುದಿಲ್ಲ. ಸಸ್ಯಾಹಾರಿ ಮನೆಗಳಲ್ಲಿ ಹಾಲು ಮೊಸರೇ ಅದಕ್ಕೆ ದಾರಿ, ತೀರಾ ಕಮ್ಮಿ ಇದ್ದರೆ ಮಾತ್ರೆ ಅಥವಾ ಇಂಜೆಕ್ಷನ್.)

ಡಾಕ್ಟರ್ ಮಾತ್ರೆ ಬರೆದರೆ ಹೇಳಿದಷ್ಟು ದಿನ ಪೂರ್ತಿ ನುಂಗಿಸಿ. ಮಲ ಕಪ್ಪಗೆ ಹೋಗುತ್ತೆ, ಅದಕ್ಕೆ ಹೆದರಿ ಬಿಡಿಸಬೇಡಿ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸ್ವಲ್ಪ ತಿಂಗಳು ಮುಂದುವರಿಸಲು ಹೇಳುತ್ತಾರೆ, ಮೈಯೊಳಗಿನ ದಾಸ್ತಾನು ತುಂಬಬೇಕಲ್ವಾ. ಜೊತೆಗೆ ಹುರುಳಿಕಾಳು ಸಾರು, ಸೊಪ್ಪಿನ ಪಲ್ಯ, ರಾಗಿ ಮುದ್ದೆ ಇರಲಿ, ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಊಟ ಆದ ಕೂಡಲೇ ಚಹಾ ಕುಡಿಯುವ ಅಭ್ಯಾಸ ಇದ್ದರೆ ಒಂದು ಗಂಟೆ ಮುಂದಕ್ಕೆ ಹಾಕಿ, ಕಬ್ಬಿಣಾಂಶ ಮೈಗೆ ಹತ್ತುವುದನ್ನು ಚಹಾ ತಡೆಯುತ್ತೆ. ನಾದಿನಿ ಪ್ರೀತಿಯಿಂದ ತಂದಿದ್ದಾರೆ, ಅವರ ಮೇಲೆ ಸಿಟ್ಟು ಬೇಡ. ಈ ಉತ್ತರ ಅವರಿಗೂ ಓದಿಸಿ.

ಪ್ರಶ್ನೆ: ಮೇಡಂ, ನಾನು ಜಿಮ್‌ಗೆ ಹೋಗುತ್ತೇನೆ. ಪ್ರೋಟೀನ್ ಪೌಡರ್ ಬದಲು ಬೀ ಪೋಲೆನ್ ತಗೊಂಡರೆ ನ್ಯಾಚುರಲ್ ಅಂತಾರೆ. ಹೌದಾ?
– ಓದುಗರು, ಚಿತ್ರದುರ್ಗ

ಉತ್ತರ: ನ್ಯಾಚುರಲ್ ಹೌದು, ಪ್ರೋಟೀನ್ ಲೆಕ್ಕಕ್ಕೆ ಮಾತ್ರ ಏನೂ ಅಲ್ಲ. ಪರಾಗದಲ್ಲಿ ಹೆಚ್ಚುಕಮ್ಮಿ ಐದನೇ ಒಂದು ಭಾಗ ಪ್ರೋಟೀನ್ ಇರುತ್ತೆ, ಹೂವಿಂದ ಹೂವಿಗೆ ಬೇರೆ. ಒಂದು ಚಮಚಕ್ಕೆ ಒಂದು ಗ್ರಾಂ ಅಷ್ಟೇ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಹಿಡಿ ಶೇಂಗಾದಲ್ಲಿ 7 ಗ್ರಾಂ ಇದೆ. ಪಕ್ಕದ ಚಳ್ಳಕೆರೆಯಲ್ಲಿ ಶೇಂಗಾ ರಾಶಿ ಬಿದ್ದಿರುವಾಗ ಇದಕ್ಕೆ ಯಾಕೆ ನೂರಾರು ರೂಪಾಯಿ ಸುರಿಯುತ್ತೀರಿ? ಸಾಲದ್ದಕ್ಕೆ ಪರಾಗದ ಕಣದ ಹೊರಸಿಪ್ಪೆ ಬಲು ಗಟ್ಟಿ, ಇರುವುದೆಲ್ಲಾ ಮೈಗೆ ಹತ್ತುವುದೂ ಇಲ್ಲ. ಆದರೂ ರುಚಿ ನೋಡುವ ಆಸೆ ಇದ್ದರೆ, ಅಲರ್ಜಿ ಉಬ್ಬಸ ಏನೂ ಇಲ್ಲದಿದ್ದರೆ, ಪುಡಿ ತಗೋಬೇಡಿ, ಕಾಳು ತಗೊಳ್ಳಿ. ಸಾಸಿವೆಗಿಂತ ತುಸು ದಪ್ಪ, ಹಳದಿ, ಕೇಸರಿ, ಕಂದು ಹೀಗೆ ಬಣ್ಣ ಬೆರೆತಿರುತ್ತೆ. ಪುಡಿಯಾದ ಮೇಲೆ ಅದರೊಳಗೆ ಏನು ಸೇರಿಸಿದ್ದಾರೆ ಅಂತ ಕಣ್ಣಿಗೆ ಗೊತ್ತಾಗಲ್ಲ. ಡಬ್ಬಿ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ನಂಬರ್ ನೋಡಿ. ನಾಲ್ಕೈದು ಕಾಳಿನಿಂದ ಶುರು ಮಾಡಿ, ಒಂದು ದಿನ ಕಾಯಿರಿ. ಮನೆಯಲ್ಲಿ ಹಾರ್ಟ್ ವಾಲ್ವ್ ಆಪರೇಷನ್ ಆಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತಗೊಳ್ಳುವವರು ಇದ್ದರೆ ಅವರಿಗೆ ಕೊಡಬೇಡಿ, ಆ ಮಾತ್ರೆಯ ಪರಿಣಾಮ ಜಾಸ್ತಿಯಾಗಬಹುದು. ಬಸುರಿಯರು, ಬಾಣಂತಿಯರು, ಚಿಕ್ಕ ಮಕ್ಕಳಿಗೂ ಬೇಡ.

ಪ್ರಶ್ನೆ: ನಮ್ಮದು ಸೂರ್ಯಕಾಂತಿ ಹೊಲ. ಜೇನುಪೆಟ್ಟಿಗೆ ಇಟ್ಟಿದ್ದೇವೆ. ಪರಾಗ ಮಾರಬಹುದಾ?
– ರೈತರು, ಚಳ್ಳಕೆರೆ ತಾಲ್ಲೂಕು

ಉತ್ತರ: ಮಾರಬಹುದು, ಆದರೆ ಕೆಲಸ ಜಾಸ್ತಿ. ಪೆಟ್ಟಿಗೆಯ ಬಾಗಿಲಿಗೆ ಪರಾಗದ ಬಲೆ ಹಾಕುತ್ತಾರೆ, ಮೆಲ್ಲಿಫೆರಾ ಅನ್ನುವ ವಿದೇಶಿ ಜಾತಿಯ ಜೇನುನೊಣಕ್ಕೆ ಸುಮಾರು 5 ಮಿಲಿಮೀಟರ್ ತೂತು. ನೊಣ ಅದರಲ್ಲಿ ನುಸುಳುವಾಗ ಕಾಲಿನ ಉಂಡೆ ಕಳಚಿ ಕೆಳಗಿನ ತಟ್ಟೆಗೆ ಬೀಳುತ್ತೆ. ನಿಮ್ಮದು ತುಡುವೆ ಜೇನಾದರೆ ನೊಣ ಚಿಕ್ಕದು, ಆ ಬಲೆ ನಡೆಯಲ್ಲ. ಬಿದ್ದ ಪರಾಗ ಹಸಿ ಇರುತ್ತೆ, ದಿನಾ ತೆಗೆದು 40 ಡಿಗ್ರಿ ದಾಟದ ಹಾಗೆ ಒಣಗಿಸದಿದ್ದರೆ ಬೂಸಲು ಹಿಡಿಯುತ್ತೆ. ಒಂದು ವಿಷಯ ದಯವಿಟ್ಟು ಗಮನಿಸಿ, ಆ ಪರಾಗ ಮರಿಗಳ ಊಟ. ಬಲೆ ಹಾಕಿದ್ದು ಹಾಗೇ ಬಿಟ್ಟರೆ ಮರಿಗಳಿಗೆ ಕೊರತೆಯಾಗಿ ಜೇನು ಕುಟುಂಬವೇ ಸೊರಗುತ್ತೆ, ಕೆಲವು ದಿನ ಹಾಕಿ ಕೆಲವು ದಿನ ತೆಗೆಯಿರಿ. ಹೂ ಬಿಟ್ಟಾಗ ನೀವಾಗಲಿ ಪಕ್ಕದ ಹೊಲದವರಾಗಲಿ ಔಷಧಿ ಹೊಡೆದಿದ್ದರೆ ಆ ಪರಾಗ ಮಾರಲೇಬೇಡಿ, ವಿಷ ನೇರ ತಿನ್ನುವವರ ಹೊಟ್ಟೆಗೆ ಹೋಗುತ್ತೆ. ಹೊಡೆಯಲೇಬೇಕಾದರೆ ನೊಣ ಗೂಡಿಗೆ ಮರಳಿದ ಮೇಲೆ, ಸಂಜೆ ಹೊಡೆಯಿರಿ. ನನ್ನ ಕೇಳಿದರೆ, ಪರಾಗ ಮಾರಿ ಬರುವ ದುಡ್ಡಿಗಿಂತ ಆ ನೊಣಗಳಿಂದ ನಿಮ್ಮ ಸೂರ್ಯಕಾಂತಿ ತೆನೆ ಕಾಳು ಕಟ್ಟುವುದೇ ದೊಡ್ಡ ಲಾಭ. ಬಲೆ, ತರಬೇತಿ, ಸಹಾಯಧನದ ಬಗ್ಗೆ ತಾಲ್ಲೂಕಿನ ತೋಟಗಾರಿಕೆ ಇಲಾಖೆ ಕಚೇರಿಯಲ್ಲಿ ವಿಚಾರಿಸಿ.